ನೋಡದವರು ಬೆನ್ನು ತಿರುಗಿಸಬೇಕು

ಗಂಡನಿಗೆ ಇದ್ದಕ್ಕಿದ್ದಂತೆ ಬುದ್ಧಿ ಬಂದರೆ ಹೆಂಡತಿಯಾದವಳು ಸಂತೋಷಪಡಬೇಕು. ಇವಳೂ ಒಂದು ದಿನದ ಮಟ್ಟಿಗೆ ಪಟ್ಟಳು. ಮಾರನೆಯ ದಿನದಿಂದ ಅನುಮಾನಪಡತೊಡಗಿದಳು.

ಅವನು ಬೀಗ ರಿಪೇರಿಯವನು. ಪೇಟೆಯ ಮೂಲೆಯಲ್ಲಿ ಒಂದು ಪುಟ್ಟ ಅಂಗಡಿ, ಗೋಡೆಯ ತುಂಬ ನೇತುಹಾಕಿದ ಕೀಲಿಗಳು. ಯಾರಾದರೂ ಕೀಲಿ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡು ಪೇಚಾಡುತ್ತಿದ್ದರೆ ಚೀಲ ಹೆಗಲಿಗೇರಿಸಿಕೊಂಡು ಹೋಗಿ ತೆಗೆದುಕೊಟ್ಟು ಬರುತ್ತಿದ್ದ. ಮದುವೆಯಾದ ಲಾಗಾಯ್ತು ಇಬ್ಬರೂ ಒಟ್ಟಿಗೆ ಕೂತು ಎಷ್ಟು ಸೀರಿಯಲ್ ನೋಡಿದ್ದರೋ ಲೆಕ್ಕವಿಲ್ಲ. ಅಷ್ಟಕ್ಕೂ ಅವನ ಅಭಿಪ್ರಾಯ ಎರಡೇ. ಇಷ್ಟವಾದರೆ "ಚೆನ್ನಾಗಿತ್ತು." ಇಷ್ಟವಾಗದಿದ್ದರೆ "ಪರವಾಗಿಲ್ಲ." ಊರವರ ಬೀಗವನ್ನೆಲ್ಲ ತೆಗೆಯುವವನ ಬಾಯಿಗೇ ಬೀಗ ಎಂದು ಅವಳು ನೆಂಟರೆದುರು ಛೇಡಿಸುತ್ತಿದ್ದಳು.

ಅಂಥವನು ಒಂದು ಸಂಜೆ ಊಟದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಟಿವಿಯ ಕಡೆ ಗಲ್ಲ ಎತ್ತಿ ತೋರಿಸಿ ಹೇಳಿದ:

"ಆ ಲಾಯರ್ ನೀರು ಕುಡಿಯೋದು ನೋಡು. ಯಾರಾದ್ರೂ ಮಗು ವಿಷಯ ಎತ್ತಿದ್ರೆ ಸಾಕು, ಲೋಟಕ್ಕೆ ಕೈ ಹೋಗತ್ತೆ. ತಪ್ಪು ಮಾಡಿದೋನಿಗೆ ಮೊದಲು ಒಣಗೋದೇ ಗಂಟಲು."

ಅವಳ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಸೀರಿಯಲ್ಲಿನಲ್ಲಿ ದೊಡ್ಡ ಮನೆಯ ಯಜಮಾನ ಸತ್ತಿದ್ದ. ಅವನ ಮಗು ಹಿಂದೆಂದೋ ಕಾಣೆಯಾಗಿತ್ತು. ಅದನ್ನು ಸಾಗಿಸಿದವರು ಯಾರು ಎಂಬುದೇ ಕಥೆ. ಲಾಯರನ ಮೇಲೆ ಯಾರಿಗೂ ಅನುಮಾನ ಇರಲಿಲ್ಲ, ಅವನ ಮುಖ ನೋಡಿದರೆ ಹಾಲು ಕುಡಿದ ಮಗುವಿನ ಹಾಗಿತ್ತು. ಆದರೆ ಗಂಡ ಹೇಳಿದ ಮೇಲೆ ನೋಡಿದರೆ, ಹೌದಲ್ಲ, ಆ ಮನುಷ್ಯ ಲೋಟದ ಮೇಲೆ ಲೋಟ ಏರಿಸುತ್ತಿದ್ದ.

"ಅಬ್ಬಾ! ಎಲ್ಲಿಂದ ಬಂತು ಈ ತಲೆ?" ಎಂದಳು. ಅವನು ಅವಳ ಮುಖವನ್ನೇ ಒಂದು ಗಳಿಗೆ ನೋಡಿ, ಮುಗುಳ್ನಕ್ಕು, ತಟ್ಟೆಗೆ ತಲೆ ಬಗ್ಗಿಸಿದ.

ಅವಳು ಆ ಮಾತನ್ನು ಜೋಪಾನವಾಗಿ ಕಟ್ಟಿಕೊಂಡು ಮಾರನೆಯ ದಿನ ಕೆಲಸಕ್ಕೆ ಒಯ್ದಳು.

ಅವಳ ಕೆಲಸ ಹೋಟೆಲುಗಳ ಹಾಸು ಹೊದಿಕೆ ಒಗೆದುಕೊಡುವ ದೊಡ್ಡ ಲಾಂಡ್ರಿಯಲ್ಲಿ. ಒಗೆಯುವ ಯಂತ್ರಗಳದು ಒಂದು ಸಾಲು, ಒಣಗಿಸುವ ಯಂತ್ರಗಳದು ಇನ್ನೊಂದು, ಅವುಗಳ ಆಚೆ ಇಸ್ತ್ರಿ ಮಾಡುವ ದೊಡ್ಡ ಹಾಲ್. ಅಲ್ಲಿ ಗೋಡೆಯಷ್ಟು ಅಗಲದ ಕಾದ ರೋಲರು. ಈ ಕಡೆ ಇಬ್ಬರು ಹೆಂಗಸರು ಒದ್ದೆ ಹಾಸಿನ ಎರಡು ಮೂಲೆ ಹಿಡಿದು ಅದರ ಬಾಯಿಗೆ ಕೊಟ್ಟರೆ, ಆ ಕಡೆ ಇಬ್ಬರು ಬಿಸಿಬಿಸಿ ಹಾಸನ್ನು ಹಿಡಿದು ಮಡಚಬೇಕು. ಗದ್ದಲವೆಂದರೆ ಪಕ್ಕದಲ್ಲಿ ನಿಂತವಳು ಕಿರುಚಿದರೂ ಕೇಳಿಸದು. ಹಾಗೆಂದು ಹೆಂಗಸರು ಮಾತು ಬಿಟ್ಟಾರೆಯೇ? ತುಟಿಯಲ್ಲಿ ಆಡುತ್ತಿದ್ದರು. ದನಿ ಇಲ್ಲ, ಬರೀ ತುಟಿ, ಹುಬ್ಬು, ಅಗತ್ಯ ಬಿದ್ದರೆ ಮೊಣಕೈ. ಕೆಲಸಕ್ಕೆ ಸೇರಿದ ಮೂರು ತಿಂಗಳಿಗೆ ಯಾರಿಗಾದರೂ ಆ ಭಾಷೆ ಬಂದುಬಿಡುತ್ತಿತ್ತು. ಅತ್ತೆಯ ಕಾಟ, ಮಗಳ ಪರೀಕ್ಷೆ, ನಿನ್ನೆಯ ಸೀರಿಯಲ್ಲು ಎಲ್ಲವೂ ಆ ಆವಿಯಲ್ಲಿ ಸದ್ದಿಲ್ಲದೆ ಹರಿದಾಡುತ್ತಿದ್ದವು. ಹೆಚ್ಚಾಗಿ ಸೀರಿಯಲ್ಲೇ.

ಅದಕ್ಕೆ ಕಟ್ಟುಪಾಡುಗಳಿದ್ದವು. ಮಾಡಿದವಳು ಇಸ್ತ್ರಿ ಹಾಲಿನ ಮೇಲ್ವಿಚಾರಕಿ. ಯಾರಿಗೂ ಸಂಬಂಧವಿಲ್ಲದಿದ್ದರೂ ಎಲ್ಲರಿಗೂ ಅವಳು ದೊಡ್ಡಮ್ಮ. ಯಾವ ಸೀರಿಯಲ್ ನೋಡಬೇಕೆಂದು ಎಲ್ಲರೂ ಸೇರಿ ಆರಿಸಬೇಕು. ದಿನಕ್ಕೆ ಎರಡೇ ಕಂತು, ಆಸೆ ತಡೆಯಲಾರದೆ ಒಬ್ಬಳೇ ಮುಂದೆ ಓಡುವ ಹಾಗಿಲ್ಲ. ಯಾರಾದರೂ ನಿನ್ನೆಯದನ್ನು ನೋಡಿರದಿದ್ದರೆ ಉಳಿದವರು ಬಾಯಿ ಮುಚ್ಚಬೇಕಿಲ್ಲ, ನೋಡದವರೇ ಬೆನ್ನು ತಿರುಗಿಸಬೇಕು. ಬೆನ್ನಿಗೆ ಏನೂ ಕೇಳಿಸುವುದಿಲ್ಲವಲ್ಲ. ಎಲ್ಲಕ್ಕಿಂತ ದೊಡ್ಡ ಕಟ್ಟುಪಾಡು, ಮೊಬೈಲಿನಲ್ಲಿರುವ ವೀಕ್ಷಕರ ಗುಂಪುಗಳಿಗೆ ಯಾರೂ ಕಾಲಿಡಬಾರದು. ಅಲ್ಲಿ ಇಡೀ ಸೀಸನ್ನನ್ನು ಒಂದೇ ಸಲಕ್ಕೆ ನುಂಗಿ ಕೂತ ಸಾವಿರಾರು ಜನ, ಅದು ನೋಡಿ ಇದು ನೋಡಿ ಎನ್ನುತ್ತ, ಕೊನೆಯನ್ನು ಮೊದಲೇ ಕಾರಿಕೊಳ್ಳುತ್ತಾರೆ. ಹಿಂದೊಮ್ಮೆ ಅಂಥ ಗುಂಪಿನಲ್ಲಿ ಓದಿಬಂದು, ಸಾಯುವವನು ತಮ್ಮನೇ ಎಂದು ಬಾಯಿಬಿಟ್ಟವಳನ್ನು ದೊಡ್ಡಮ್ಮ ಒದ್ದೆ ಬಟ್ಟೆ ವಿಂಗಡಿಸುವ ಮೇಜಿಗೆ ಅಟ್ಟಿದ್ದಳು. ತಿಂಗಳುಗಟ್ಟಲೆ ಅವಳಿಗೆ ಯಾರೂ ಮುಖ ಕೊಟ್ಟಿರಲಿಲ್ಲ. ಇಸ್ತ್ರಿ ಹಾಲಿನಲ್ಲಿ ಮುಖ ಕೊಡದಿರುವುದೆಂದರೆ ಸುಮ್ಮನೆ ಅಲ್ಲ, ಮಾತೇ ಬಂದ್.

ಆ ದಿನ ರೋಲರಿನ ಆಚೆ ಹಾಸು ಹಿಡಿಯಲು ನಿಂತಿದ್ದವಳು ಗುಂಗುರಿ. ಹೊಸಬಳು, ತಲೆಯ ತುಂಬ ಗುಂಗುರು ಕೂದಲು, ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದಳು. ಗಂಡನನ್ನು ಬಿಟ್ಟವಳೋ, ಗಂಡ ಬಿಟ್ಟವಳೋ, ಮದುವೆಯೇ ಆಗದವಳೋ ಯಾರಿಗೂ ತಿಳಿಯದು. ಅವಳಾಗಿ ಹೇಳಿರಲಿಲ್ಲ.

ಇವಳು ಹಾಸಿನ ಮೂಲೆ ಕೊಡುತ್ತ ಹೆಮ್ಮೆಯಿಂದ ತುಟಿಯಾಡಿಸಿದಳು. "ನಮ್ಮನೆಯವರು ಏನಂದ್ರು ಗೊತ್ತಾ? ಆ ಲಾಯರ್ ಮೇಲೆ ಕಣ್ಣಿಡಿ ಅಂದ್ರು. ತಪ್ಪು ಮಾಡಿದೋನಿಗೆ ಮೊದಲು ಒಣಗೋದೇ ಗಂಟಲು ಅಂದ್ರು."

ದೊಡ್ಡಮ್ಮ ಹುಬ್ಬೇರಿಸಿ ಭೇಷ್ ಎಂದಳು. ಪಕ್ಕದವಳು ಹಣೆ ಚಚ್ಚಿಕೊಂಡು, ಅಯ್ಯೋ ಹೌದಲ್ಲೇ ಎಂದಳು. ಗುಂಗುರಿಯ ಮುಖ ಮಾತ್ರ ಬೆಳ್ಳಗಾಯಿತು. ಹಾಸಿನ ಮೂಲೆ ಅವಳ ಕೈ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಂಡು, ಯಾರನ್ನೂ ನೋಡದೆ, ಮೆಲ್ಲಗೆ ಬೆನ್ನು ತಿರುಗಿಸಿ ನಿಂತಳು.

ನಿನ್ನೆಯ ಕಂತು ನೋಡಿದವಳೇ, ಬೆಳಿಗ್ಗೆ ಅದರ ಬಗ್ಗೆ ಹರಟಿದವಳೇ, ಈಗ ಬೆನ್ನು ತಿರುಗಿಸುವುದೇಕೆ? ಇವಳಿಗೆ ಆ ಬೆನ್ನು ಮಧ್ಯಾಹ್ನದವರೆಗೂ ಕಣ್ಣಿಗೆ ಚುಚ್ಚಿತು. ಚಹಾದ ಹೊತ್ತಿಗೆ ಇನ್ನೊಂದು ಸಂಗತಿ ನೆನಪಾಯಿತು. ಗುಂಗುರಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಕೀಲಿ ಕಳೆದುಕೊಂಡು ಕೋಣೆಯ ಹೊರಗೆ ನಿಂತಿದ್ದಳು. ಆಗ "ನಮ್ಮನೆಯವರನ್ನ ಕಳಿಸ್ತೀನಿ, ಚಿಟಿಕೆ ಹೊಡೆಯೋದ್ರಲ್ಲಿ ತೆಗೀತಾರೆ" ಎಂದು ಕಳಿಸಿದವಳು ಬೇರೆ ಯಾರೂ ಅಲ್ಲ, ಇವಳೇ. ಕೈಯಾರೆ ಕಳಿಸಿದ್ದಳು.

ಅನುಮಾನವೆನ್ನುವುದು ಒಮ್ಮೆ ಹೊಸಿಲು ದಾಟಿತೆಂದರೆ ಚಪ್ಪಲಿ ಬಿಟ್ಟು, ಕಾಲು ಚಾಚಿ ಕೂತುಬಿಡುತ್ತದೆ. ಅಂದಿನಿಂದ ಅವಳಿಗೆ ಮನೆಯಲ್ಲಿ ಕಂಡದ್ದೆಲ್ಲ ಅದಕ್ಕೇ ಸಾಕ್ಷಿಯಾಗತೊಡಗಿತು.

ಅವನು ಈಚೆಗೆ ಫೋನಿನಲ್ಲಿ ಮಾತಾಡುವುದನ್ನೇ ಬಿಟ್ಟಿದ್ದ. ಕರೆ ಬಂದರೆ ತೆರೆಯ ಮೇಲಿನ ಹೆಸರು ನೋಡಿ ಕತ್ತರಿಸುತ್ತಿದ್ದ. ಆಮೇಲೆ ಮೂಲೆಗೆ ಹೋಗಿ ಅಕ್ಷರ ಕುಟ್ಟುತ್ತಿದ್ದ. ಹಾಸ್ಟೆಲಿನಿಂದ ಮಗಳು ಕರೆ ಮಾಡಿದರೂ "ತಗೋ, ಅಮ್ಮನ ಹತ್ರ ಮಾತಾಡು" ಎಂದು ದಾಟಿಸಿಬಿಡುತ್ತಿದ್ದ. ಕುಟ್ಟುವುದು ಮಾತ್ರವಲ್ಲ, ಓದುತ್ತಿದ್ದ. ಊಟಕ್ಕೆ ಮುಂಚೆ ಬಚ್ಚಲಿನ ಬಾಗಿಲು ಹಾಕಿಕೊಂಡು ಓದುತ್ತಿದ್ದ. ನೀರಿನ ಸದ್ದೇ ಇಲ್ಲದ ಬಚ್ಚಲಿನಲ್ಲಿ ಗಂಡಸಿಗೆ ಅಷ್ಟು ಹೊತ್ತು ಏನು ಕೆಲಸ? ಅವಳು ಒಮ್ಮೆ ಫೋನು ಕೈಗೆತ್ತಿಕೊಂಡು ನೋಡಿದರೆ ಅದಕ್ಕೂ ಬೀಗ. ಬೀಗದವನಲ್ಲವೇ.

ಸೋಫಾದಲ್ಲಿ ಇಷ್ಟು ವರ್ಷ ಅವಳ ಬಲಕ್ಕೆ ಕೂರುತ್ತಿದ್ದವನು ಈಗ ಎಡಕ್ಕೆ ಬಂದಿದ್ದ. ಕೇಳಿದರೆ "ಅಲ್ಲಿ ಸ್ಪ್ರಿಂಗ್ ಚುಚ್ಚತ್ತೆ" ಎಂದ. ಅವಳು ಕೂತು ನೋಡಿದಳು, ಯಾವ ಸ್ಪ್ರಿಂಗೂ ಚುಚ್ಚಲಿಲ್ಲ. ಅವಳು ಮಾತಾಡುವಾಗ ಅವನು ಕಣ್ಣು ಮಿಟುಕಿಸದೆ ಮುಖವನ್ನೇ ನೋಡುತ್ತಿದ್ದ. ಮೊದಮೊದಲು ಅವಳಿಗೆ ನಾಚಿಕೆಯಾಗಿತ್ತು. ಈಗ ಅದು, ಇವಳಿಗೆ ಎಷ್ಟು ಗೊತ್ತಾಗಿದೆ ಎಂದು ಅಳೆಯುವವನ ನೋಟದಂತೆ ಕಂಡಿತು. ಬೇರೆ ದೇಶದ ಸೀರಿಯಲ್ ನೋಡೋಣ, ಕೆಳಗೆ ನಮ್ಮ ಭಾಷೆಯಲ್ಲಿ ಅಕ್ಷರ ಬರುತ್ತದೆ ಎಂದು ಎರಡು ಮೂರು ಸಲ ಗೋಗರೆದಿದ್ದ. ದಿನವಿಡೀ ದುಡಿದು ಬಂದು ಓದಿಕೊಂಡು ಯಾರು ಕೂರುತ್ತಾರೆ ಎಂದು ಅವಳು ಬೈದು ಸುಮ್ಮನಾಗಿಸಿದ್ದಳು. ಆ ಗುಂಗುರಿಯೂ ಅಂಥ ಸೀರಿಯಲ್ಲುಗಳನ್ನೇ ಹೊಗಳುತ್ತಿದ್ದಳಲ್ಲವೇ?

ರಿಮೋಟಿನ ವಿಷಯವಂತೂ ಬೇರೆಯೇ. "ನಿನ್ನ ಹತ್ರಾನೇ ಇರ್ಲಿ, ನಿನಗೆ ಬೇಕಾದಷ್ಟು ಸೌಂಡ್ ಇಟ್ಕೋ" ಎಂದು ತಾನಾಗಿ ಅವಳ ಮಡಿಲಿಗೆ ಹಾಕಿಬಿಟ್ಟಿದ್ದ.

ಕೊನೆಗೆ ತಡೆಯಲಾರದೆ ದೊಡ್ಡಮ್ಮನೆದುರು ಬಾಯಿಬಿಟ್ಟಳು. ಚಹಾ ಕುಡಿಯುವ ಹಿತ್ತಲಿನಲ್ಲಿ ಯಂತ್ರದ ಗದ್ದಲವಿರಲಿಲ್ಲ, ಆದರೂ ಅಭ್ಯಾಸಬಲದಿಂದ ಇಬ್ಬರೂ ತುಟಿಯನ್ನು ಅಗಲವಾಗಿ ಆಡಿಸಿಕೊಂಡೇ ಪಿಸುಗುಟ್ಟಿದರು. ಗುಂಗುರಿಯ ಹೆಸರನ್ನು ಮಾತ್ರ ಅವಳು ಹೇಳಲಿಲ್ಲ. ಯಾರೋ ಒಬ್ಬಳು ಎಂದಳು.

ದೊಡ್ಡಮ್ಮ ಎಲ್ಲವನ್ನೂ ಕೇಳಿದಳು. ಫೋನಿನ ಮಾತಿಗೆ ಹೂಂ ಎಂದಳು. ಬಚ್ಚಲಿನ ಮಾತಿಗೆ ತಲೆಯಾಡಿಸಿದಳು. ರಿಮೋಟಿನ ಮಾತು ಬಂದಾಗ ಲೋಟ ಕೆಳಗಿಟ್ಟಳು.

"ರಿಮೋಟ್ ಕೊಟ್ನಾ? ತಾನಾಗಿ?"

"ತಾನಾಗಿ."

"ಹಾಗಿದ್ರೆ ಏನೋ ಇದೆ ಕಣೆ. ಗಂಡಸು ಒಡವೆ ಬೇಕಾದ್ರೆ ಸುಮ್ಮನೆ ಕೊಡ್ತಾನೆ, ರಿಮೋಟ್ ಕೊಡಲ್ಲ. ಹೋದ ವರ್ಷ ನಾವು ನೋಡಿದ್ವಲ್ಲ, ಡಾಕ್ಟರ್ ಸೀರಿಯಲ್, ನೀನು ಅರ್ಧಕ್ಕೆ ಬಿಟ್ಟೆ. ಕೊನೆ ನೋಡು. ಅದರಲ್ಲಿ ಹೆಂಡತಿ ಹೇಗೆ ಹಿಡೀತಾಳೆ ಗೊತ್ತಾ? ಯಾರ ಮೇಲೆ ಅನುಮಾನವೋ ಅವಳಿಗೆ ಮಾತ್ರ ಒಂದು ಸುಳ್ಳು ಹೇಳ್ತಾಳೆ. ಬೇರೆ ಯಾರಿಗೂ ಹೇಳಲ್ಲ. ಆ ಸುಳ್ಳು ಗಂಡನ ಬಾಯಿಂದ ವಾಪಸ್ ಬಂತು ಅಂದ್ರೆ, ಮುಗೀತು."

ಮನೆ ಮುರಿಯುವ ಕಷ್ಟಕ್ಕೂ ದೊಡ್ಡಮ್ಮನ ಬಳಿ ಒಂದು ಸೀರಿಯಲ್ಲಿನ ಶಿಫಾರಸು ಸಿದ್ಧವಿತ್ತು. ಬೇರೆ ದಿನವಾಗಿದ್ದರೆ ಇವಳು ನಗುತ್ತಿದ್ದಳು. ಆ ದಿನ ನಗಲಿಲ್ಲ. ಮನೆಯಲ್ಲಿ ಒಬ್ಬಳೇ ಕೂತು ಆ ಕಂತನ್ನು ಎರಡು ಸಲ ನೋಡಿದಳು.

ಮರುದಿನ ಉಳಿದವರು ಗಾಡಿಯಿಂದ ಮೂಟೆ ಇಳಿಸಲು ಹೋದಾಗ ರೋಲರಿನ ಬಳಿ ಅವಳೂ ಗುಂಗುರಿಯೂ ಇಬ್ಬರೇ ಉಳಿದರು. ನಡುವೆ ಬಿಳಿಯ ಹಾಸು ಬಿಗಿಯಾಗಿ ನಿಂತಿತ್ತು. ಇವಳು ಅದರ ಮೇಲಿಂದ ಗುಂಗುರಿಯ ಕಣ್ಣಿಗೆ ಕಣ್ಣು ಕೊಟ್ಟು ತುಟಿಯಾಡಿಸಿದಳು.

"ನಾನೊಂದು ಕಂಡುಹಿಡಿದಿದ್ದೀನಿ, ಯಾರಿಗೂ ಹೇಳಿಲ್ಲ. ಆ ಮನೆ ಅಡುಗೆಯಾಕೆ ಇದಾಳಲ್ಲ, ಅವಳು ಬಾಗಿಲನ್ನ ಯಾವಾಗ್ಲೂ ಎಡಗೈಯಲ್ಲೇ ಮುಚ್ತಾಳೆ. ಬಲಗಡೆ ಸೊಂಟದ ಮೇಲೆ ಮಗು ಹೊತ್ತು ಹೊತ್ತು ಅಭ್ಯಾಸ ಆಗಿರೋದು. ಕಳೆದುಹೋದ ಮಗುನ ಸಾಕಿದ್ದು ಅವಳೇ."

ಬಿಟ್ಟದ್ದು ಅಪ್ಪಟ ರೈಲು. ಅಡುಗೆಯಾಕೆ ಯಾವ ಕೈಯಲ್ಲಿ ಬಾಗಿಲು ಮುಚ್ಚುತ್ತಾಳೆಂದು ಅವಳು ನೋಡಿಯೇ ಇರಲಿಲ್ಲ. ಆದರೆ ಗುಂಗುರಿಯ ಕಣ್ಣು ಅರಳಿತು. "ಅಕ್ಕಾ! ನೀವು ಎಷ್ಟು ಸೂಕ್ಷ್ಮವಾಗಿ ನೋಡ್ತೀರಿ!" ಎಂದಳು. ಆ ಮೆಚ್ಚುಗೆಯಲ್ಲಿ ಕಪಟವಿದ್ದಂತೆ ತೋರಲಿಲ್ಲ. ಪಕ್ಕಾ ಕಳ್ಳಿ ಇವಳು ಎಂದು ಅವಳು ಮನಸ್ಸಿನಲ್ಲೇ ಹಲ್ಲು ಕಡಿದಳು.

ಆಮೇಲೆ ಕಾಯುವುದು. ಆ ಸಂಜೆ ಅವನು ಏನೂ ಹೇಳಲಿಲ್ಲ. ಲಾಯರ್ ನೀರು ಕುಡಿದ, ಅಡುಗೆಯಾಕೆ ಬಾಗಿಲು ಮುಚ್ಚಿದಳು, ಇವನು ಸುಮ್ಮನೆ ಉಂಡ. ಅವಳಿಗೆ ಎದೆ ಹಗುರವಾಯಿತು. ಎಷ್ಟು ಹಗುರವಾಯಿತೆಂದರೆ, ತನ್ನ ತಲೆ ತುಂಬ ಹುಳ ಬಿಟ್ಟ ದೊಡ್ಡಮ್ಮನಿಗೆ ನಾಳೆ ಸರಿಯಾಗಿ ದಬಾಯಿಸಬೇಕು ಎಂದುಕೊಂಡಳು. ಅವನ ತಟ್ಟೆಗೆ ಕೇಳದೆ ಇನ್ನಷ್ಟು ಬಡಿಸಿದಳು. ಇವನಿಲ್ಲದೆ ಈ ಸೋಫಾದಲ್ಲಿ ಒಬ್ಬಳೇ ಕೂತು ಟಿವಿ ನೋಡುವುದನ್ನು ಊಹಿಸಿಕೊಂಡೇ ಎಷ್ಟು ದಿನದಿಂದ ಬೇಯುತ್ತಿದ್ದೆ ಎಂದು ಅವಳಿಗೆ ಆಗ ಅರಿವಾಯಿತು.

ಅದರ ಮರುದಿನ ಸಂಜೆ ಅಡುಗೆಯಾಕೆ ತಟ್ಟೆ ಹಿಡಿದು ಕೋಣೆಯಿಂದ ಹೊರಬಂದಳು. ಗಂಡ ತುತ್ತು ನುಂಗಿ, ಗಲ್ಲ ಎತ್ತಿದ.

"ಆ ಕೈ ನೋಡು. ಎಡಗೈ. ಬಲಗಡೆ ಸೊಂಟದ ಮೇಲೆ ಮಗು ಹೊತ್ತು ಅಭ್ಯಾಸ ಆದೋರು ಹಾಗೇ ಬಾಗಿಲು ಮುಚ್ಚೋದು. ಆ ಮಗುನ ಸಾಕಿದ್ದು ಅವಳೇ ಇರಬೇಕು ಅಂತೀನಿ."

ಅಡುಗೆಯಾಕೆ ನಿಜಕ್ಕೂ ಎಡಗೈಯಲ್ಲೇ ಬಾಗಿಲು ಎಳೆದುಕೊಂಡಳು ಎನ್ನುವುದು ಬೇರೆ ಮಾತು. ಇವಳಿಗೆ ಅದು ಕಾಣಲಿಲ್ಲ. ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ನಲ್ಲಿ ತಿರುಗಿಸಿದಳು, ತೊಳೆಯಲಿಲ್ಲ, ನಿಲ್ಲಿಸಿದಳು. ಯಾವ ಸುಳ್ಳು ತನ್ನ ತಲೆಯಲ್ಲಿ ಹುಟ್ಟಿತ್ತೋ, ಒಬ್ಬಳ ಹೊರತು ಯಾರಿಗೂ ಹೇಳಿರಲಿಲ್ಲವೋ, ಅದು ಆ ಒಬ್ಬಳಿಂದ ಇವನಿಗೆ ದಾಟಿ ತನ್ನ ಮನೆಗೇ ಬಂದಿತ್ತು.

ಹಿಂತಿರುಗಿ ಬಂದು ಸೋಫಾದ ಹಿಂದೆ ನಿಂತಳು. ಅವನ ತಲೆಯ ಹಿಂಭಾಗ ಕಾಣುತ್ತಿತ್ತು, ನೆತ್ತಿಯ ಮೇಲೆ ಕೂದಲು ತೆಳ್ಳಗಾಗಿತ್ತು. ಮುಂದೆ ಟಿವಿಯಲ್ಲಿ ಆ ದೊಡ್ಡ ಮನೆಯ ಅಕ್ಕತಂಗಿಯರು ಜಗಳವಾಡುತ್ತಿದ್ದರು.

"ನಂಗೆಲ್ಲ ಗೊತ್ತಾಗಿದೆ" ಎಂದಳು. ದನಿ ತನ್ನದೇ ಅಲ್ಲವೇನೋ ಎನ್ನುವಂತೆ ಸಣ್ಣಗೆ ಬಂತು. "ನೀನು ಅವಳ ಹತ್ರ ಹೋಗ್ತಿರೋದು, ಮಾತಾಡ್ತಿರೋದು, ಎಲ್ಲ ಗೊತ್ತಾಗಿದೆ. ಒಂದೇ ಒಂದು ಮಾತು ಹೇಳು. ನನ್ನ ಬಿಟ್ಟುಬಿಡ್ತೀಯಾ?"

ಅವನು ತಿರುಗಲಿಲ್ಲ. ಕೈ ಚಾಚಿ ಬಿಸ್ಕತ್ತಿನ ಪೊಟ್ಟಣದಿಂದ ಒಂದನ್ನು ತೆಗೆದು ಬಾಯಿಗೆ ಹಾಕಿಕೊಂಡ. ಟಿವಿಯಲ್ಲಿ ಕಿರಿಯ ತಂಗಿ ದಿಂಬು ಎಸೆದಾಗ ಕಿಸಕ್ಕನೆ ನಕ್ಕ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಇಲ್ಲ ಎಂದು ಸುಳ್ಳು ಹೇಳಿದ್ದರೂ, ದೇವರಾಣೆ, ನಂಬಿಬಿಡುತ್ತಿದ್ದಳೇನೋ. ಬಿಸ್ಕತ್ತು ತಿಂದ! ಇಷ್ಟು ವರ್ಷದ ಸಂಸಾರಕ್ಕೆ ಒಂದು ಬಿಸ್ಕತ್ತಿನಷ್ಟೂ ಬೆಲೆಯಿಲ್ಲವೇ? ಅವಳು ಕೋಣೆಗೆ ಹೋಗಿ ಕಪಾಟು ತೆಗೆದು ಚೀಲಕ್ಕೆ ಬಟ್ಟೆ ತುರುಕಿದಳು. ಮಗಳಿಗೆ ಏನು ಹೇಳುವುದು, ತಂಗಿಯ ಮನೆಗೆ ಯಾವ ಮುಖ ಹೊತ್ತು ಹೋಗುವುದು, ಒಂದೂ ತೋಚಲಿಲ್ಲ. ಅಳು ಬರಲಿಲ್ಲ, ಸಿಟ್ಟು ಬಂತು. ಚೀಲ ಹೊತ್ತು ಬಾಗಿಲವರೆಗೆ ಹೋದವಳು ನಿಂತಳು. ಹೋಗುವುದು ಅವನಿಗೆ ಗೊತ್ತಾಗಿಯೇ ಹೋಗಬೇಕು. ಆ ಸೀರಿಯಲ್ಲು ನಿಲ್ಲಲಿ, ಮನೆ ಸ್ತಬ್ಧವಾಗಲಿ, ತಿರುಗಿ ನೋಡಲಿ, ನೋಡಿದಾಗ ಚೀಲ ಕಾಣಲಿ.

ಸೋಫಾದ ಹಿಂದಿನಿಂದ ಬಗ್ಗಿ ರಿಮೋಟು ಎತ್ತಿಕೊಂಡಳು. ಸದ್ದು ಅಡಗಿಸುವ ಗುಂಡಿ ಒತ್ತಿದಳು.

ಮನೆ ಸ್ತಬ್ಧವಾಯಿತು. ಗಡಿಯಾರದ ಟಿಕ್ ಟಿಕ್ ಕೇಳಿಸಿತು, ಮೇಲಿನ ಮನೆಯಲ್ಲಿ ಯಾರೋ ಕುರ್ಚಿ ಎಳೆದದ್ದು ಕೇಳಿಸಿತು. ಅವಳು ಚೀಲ ಹಿಡಿದು ಕಾದಳು. ತೆರೆಯ ಮೇಲೆ ಅಕ್ಕತಂಗಿಯರು ಸದ್ದಿಲ್ಲದೆ ಕಿತ್ತಾಡುತ್ತಿದ್ದರು. ಇಸ್ತ್ರಿ ಹಾಲಿನವಳಾದ ಅವಳಿಗೆ ಅವರ ಮಾತು ತುಟಿಯಲ್ಲೇ ತಿಳಿಯುತ್ತಿತ್ತು, ಅದರಲ್ಲಿ ಅವಳಿಗೆ ವಿಶೇಷವೇನೂ ಇರಲಿಲ್ಲ. ಅವನು ತಿರುಗಲಿಲ್ಲ. ಇನ್ನೊಂದು ಬಿಸ್ಕತ್ತು ತೆಗೆದುಕೊಂಡ. ಲಾಯರ್ ಬಂದ, ನೋಡುವವರಿಗೆ ಬೆನ್ನು ಹಾಕಿ ಕಿಟಕಿಯ ಬಳಿ ನಿಂತು ಏನೋ ಹೇಳಿದ, ಹೋದ. ಇವನು ತಲೆಯಾಡಿಸಿದ.

"ಕೇಳಿಸ್ಕೊಂಡ್ಯಾ ಏನಂದ ಅಂತ?" ಎಂದ, ಪಕ್ಕದಲ್ಲಿ ಅವಳು ಕೂತಿದ್ದಾಳೆಂದುಕೊಂಡು, ಟಿವಿಯ ಮೇಲಿನ ಕಣ್ಣು ತೆಗೆಯದೆ. "ಎಷ್ಟು ನಯವಾಗಿ ಸುಳ್ಳು ಹೇಳ್ತಾನೆ ನೋಡು, ಬಡ್ಡೀಮಗ."

ಚೀಲ ಅವಳ ಕೈಯಿಂದ ಜಾರಿ ಧೊಪ್ಪನೆ ಬಿತ್ತು. ಆ ಸದ್ದಿಗೂ ಅವನು ತಿರುಗಲಿಲ್ಲ.

ಅವಳು ಅಲ್ಲೇ ನಿಂತುಬಿಟ್ಟಳು. ಫೋನು, ಸೋಫಾದ ಎಡಬದಿ, ಮಡಿಲಿಗೆ ಬಿದ್ದ ರಿಮೋಟು, ಅಕ್ಷರ ಬರುವ ಸೀರಿಯಲ್ಲು, ಮುಖದ ಮೇಲೆ ನೆಟ್ಟ ನೋಟ, ಎಲ್ಲವೂ ಇದ್ದ ಜಾಗದಿಂದ ಎದ್ದು ಬೇರೆ ಜಾಗದಲ್ಲಿ ಕೂತವು. ಬೆನ್ನಿಗೆ ಹೇಳಿದ ಮಾತು ಗೋಡೆಗೆ ಹೇಳಿದಂತೆ ಎಂದು ಹೊಸದಾಗಿ ಸೇರಿದವರಿಗೆಲ್ಲ ಕಲಿಸಿಕೊಡುತ್ತಿದ್ದವಳು ತಾನು. ಅಂಥವಳು ಮನೆಗೆ ಬಂದು ಗಂಡನ ಬೆನ್ನಿಗೆ ಬದುಕಿನ ಅತಿ ದೊಡ್ಡ ಪ್ರಶ್ನೆ ಕೇಳಿ, ಉತ್ತರ ಬರಲಿಲ್ಲವೆಂದು ಚೀಲ ತುಂಬಿದ್ದಳು.

ಸೋಫಾ ಸುತ್ತಿ ಬಂದು ಟಿವಿಗೆ ಅಡ್ಡವಾಗಿ ನಿಂತಳು. ಅವನು ಬೆಚ್ಚಿ ತಲೆಯೆತ್ತಿದ. ಅವಳು ದನಿ ತೆಗೆಯದೆ, ಬರೀ ತುಟಿಯಲ್ಲಿ ಕೇಳಿದಳು.

"ಯಾವಾಗಿಂದ?"

ಅವನು ಅವಳನ್ನು ನೋಡಿದ. ಅವಳ ಕೈಯಲ್ಲಿದ್ದ ರಿಮೋಟು ನೋಡಿದ. ತೆರೆಯ ಮೂಲೆಯಲ್ಲಿ, ಗೀಟು ಹೊಡೆದ ಸ್ಪೀಕರಿನ ಸಣ್ಣ ಗುರುತು ನೋಡಿದ. ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ಮುಖ ಬಾಡಿತು.

"ಹೋದ ವರ್ಷದಿಂದ" ಎಂದ, ಬೇಕಾದ್ದಕ್ಕಿಂತ ಜೋರಾಗಿ. "ಎಡಗಡೆದು ಪೂರ್ತಿ ಹೋಯ್ತು. ಬಲಗಡೆ ಸ್ವಲ್ಪ ಗುಯ್ ಅನ್ನತ್ತೆ, ಅಷ್ಟೆ. ಈ ಸೀರಿಯಲ್ ಜನ ಗೊಣಗ್ತಾರೆ, ಅತ್ತ ತಿರುಗಿ ಮಾತಾಡ್ತಾರೆ. ಒಂದೂ ತಿಳಿಯಲ್ಲ. ನಿನ್ನ ಮಾತೊಂದೇ ಪೂರ್ತಿ ತಿಳಿಯೋದು. ನಿನ್ನ ತುಟಿ ಅಷ್ಟು ಚೆನ್ನಾಗಿ ಆಡತ್ತಲ್ಲ."

"ಹೇಳಬಾರದಾ?"

ಅವನು ಬಿಸ್ಕತ್ತಿನ ಪುಡಿಯನ್ನು ತೊಡೆಯಿಂದ ಒರೆಸಿಕೊಳ್ಳುತ್ತ ಕೂತ. "ಅಪ್ಪನ್ನ ನೋಡಿದ್ಯಲ್ಲ" ಎಂದ.

ನೋಡಿದ್ದಳು. ಮಾವನಿಗೆ ಕೊನೆಗಾಲದಲ್ಲಿ ಕಿವಿ ಪೂರ್ತಿ ಹೋಗಿತ್ತು. ಮೂಲೆಯ ಕುರ್ಚಿಯಲ್ಲಿ ಕೂತು, ಎಲ್ಲರೂ ನಕ್ಕಾಗ ತಾವೂ ನಗುತ್ತಿದ್ದರು, ಒಂದು ಗಳಿಗೆ ತಡವಾಗಿ. ಆ ತಡವಾದ ನಗುವನ್ನು ಅವಳು ಇಸ್ತ್ರಿ ಹಾಲಿನಲ್ಲಿ ಅಭಿನಯಿಸಿ ತೋರಿಸಿ ಎಲ್ಲರನ್ನೂ ಹೊಟ್ಟೆ ಹಿಡಿದುಕೊಳ್ಳುವಂತೆ ಮಾಡುತ್ತಿದ್ದಳು. ಮನೆಗೆ ಬಂದು, ಹೀಗೆ ಮಾಡಿ ತೋರಿಸಿದೆ ಎಂದು ಇವನಿಗೂ ಮಾಡಿ ತೋರಿಸಿದ್ದಳು. ಆಗ ಇವನೂ ನಕ್ಕಿದ್ದ.

ಅವಳಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನಿಸಿತು.

ಅವನು ಫೋನು ತೆಗೆದು, ಬೀಗ ಬಿಚ್ಚಿ, ಅವಳ ಕೈಗಿಟ್ಟ. "ಇದರಲ್ಲಿ ಓದ್ಕೊಂಡು ಬರ್ತಿದ್ದೆ. ಆ ಕಂತಲ್ಲಿ ಏನಾಯ್ತು, ಯಾರು ಏನಂದ್ರು, ಎಲ್ಲ ಬರೀತಾರೆ ಜನ. ಅದರಲ್ಲೇ ಒಂದೆರಡು ಮಾತು ಎತ್ಕೊಂಡು ನಿನ್ನ ಹತ್ರ ಹೇಳ್ತಿದ್ದೆ. ಏನೂ ಹೇಳದೆ ಕೂತ್ರೆ ನಿನಗೆ ಗೊತ್ತಾಗಿಬಿಡತ್ತೆ ಅಂತ."

ವೀಕ್ಷಕರ ಗುಂಪು. ದೊಡ್ಡಮ್ಮ ನಿಷೇಧಿಸಿದ್ದ ಅದೇ ಗುಂಪು. ನೂರಾರು ಅಭಿಪ್ರಾಯಗಳ ನಡುವೆ 'ಒಣಗೋದೇ ಗಂಟಲು' ಎಂಬ ಮಾತು ಕಂಡಿತು. ಬರೆದವಳ ಹೆಸರಿನ ಜಾಗದಲ್ಲಿ 'ಆವಿ ಮನೆಯವಳು' ಎಂದಿತ್ತು. ಅದೇ ಆವಿ ಮನೆಯವಳು ನಿನ್ನೆ ಬರೆದಿದ್ದಳು: 'ಇದು ನನ್ನ ಜೊತೆ ಕೆಲಸ ಮಾಡೋ ಅಕ್ಕನ ಮಾತು. ನಾವೆಲ್ಲ ನೋಡ್ತೀವಿ, ಅಕ್ಕ ಗಮನಿಸ್ತಾರೆ.' ಕೆಳಗೆ ಅಡುಗೆಯಾಕೆ, ಎಡಗೈ, ಸೊಂಟದ ಮೇಲಿನ ಮಗು.

ಗುಂಗುರಿ ಯಾಕೆ ಬೆಳ್ಳಗಾದಳು, ಯಾಕೆ ಬೆನ್ನು ತಿರುಗಿಸಿದಳು ಎಂದು ಅವಳಿಗೆ ಈಗ ತಿಳಿಯಿತು. ಗುಂಪಿಗೆ ಕದ್ದು ಬರೆಯುತ್ತಿದ್ದ ಹುಡುಗಿ, ತನ್ನ ಮಾತು ತನ್ನೆದುರಿಗೇ ತಿರುಗಿ ಬಂದದ್ದು ಕಂಡು ಒದ್ದೆ ಬಟ್ಟೆಯ ಮೇಜಿಗೆ ಹೆದರಿದ್ದಳು. ಅವಳ ಮೇಲೆ ತಾನು ಎಂಥೆಂಥ ಶಾಪ ಹಾಕಿದ್ದೆ!

"ಈ ಎಡಗೈ ವಿಷಯ ಹೇಳಿದೋಳು ಯಾರೋ ಭಾರಿ ಚುರುಕು ಕಣೆ" ಎಂದ ಅವನು, ವಾತಾವರಣ ತಿಳಿಯಾಗಲೆಂದು. "ನಾವು ಎಷ್ಟು ಸಲ ನೋಡಿದ್ರೂ ಹೊಳೀತಾ ಇರಲಿಲ್ಲ."

"ನಾನೇ ಹೇಳಿದ್ದು" ಎಂದಳು. ಅವನಿಗೆ ಅರ್ಥವಾಗಲಿಲ್ಲ. ಅವಳು ನಕ್ಕಳು, ನಗುತ್ತ ನಗುತ್ತಲೇ ಅಳು ಬಂತು, ಸೋಫಾದ ಹಿಂದೆ ಬಿದ್ದಿದ್ದ ಚೀಲವನ್ನು ಅವನ ಕಣ್ಣಿಗೆ ಬೀಳದಂತೆ ಕಾಲಿನಿಂದ ಒಳಗೆ ತಳ್ಳಿದಳು. ನಾಳೆಯೇ ಕಿವಿ ಡಾಕ್ಟರ ಹತ್ತಿರ ಎಂದಳು. ಅವನು ಹೂಂ ಎಂದ. ನಾಳೆಯೇ, ನೆಪ ಹೇಳಿದರೆ ನೋಡು ಎಂದಳು. ಅದಕ್ಕೂ ಹೂಂ ಎಂದ.

ಆಮೇಲೆ ಅಡುಗೆಮನೆಯ ಮೊಣಕಾಲೆತ್ತರದ ಸ್ಟೂಲನ್ನು ತಂದು ಟಿವಿಯ ಪಕ್ಕದಲ್ಲಿ, ಅದಕ್ಕೆ ಬೆನ್ನು ಹಾಕಿ, ಅವನಿಗೆ ಮುಖ ಮಾಡಿ ಕೂತಳು. ಸದ್ದು ಮತ್ತೆ ಹಾಕಿದಳು. ಎರಡನೆಯ ಕಂತು ಶುರುವಾಯಿತು. ಹಿಂದಿನಿಂದ ಲಾಯರನ ದನಿ ಬಂದಾಗ ಅವಳ ತುಟಿ ಲಾಯರನಾಯಿತು, ಅಡುಗೆಯಾಕೆ ಅತ್ತಾಗ ಹುಬ್ಬು ಅಡುಗೆಯಾಕೆಯದಾಯಿತು. ಈ ಸೀರಿಯಲ್ಲಿನ ಒಂದು ಕಂತೂ ತಪ್ಪಿಸದಿದ್ದವಳು ಆ ಕಂತನ್ನು ನೋಡಲಿಲ್ಲ. ಅವನು ಪರದೆಯನ್ನೊಮ್ಮೆ, ಅವಳನ್ನೊಮ್ಮೆ ನೋಡುತ್ತ, ಎಲ್ಲಿ ನಗಬೇಕೋ ಅಲ್ಲೇ ನಕ್ಕ, ಒಂದು ಗಳಿಗೆಯೂ ತಡಮಾಡದೆ.

ಕಂತು ಮುಗಿದಾಗ ಅವನು ಬಹಳ ಹೊತ್ತು ಯೋಚಿಸಿದ.

"ನಂಗೇನೋ ಆ ಲಾಯರ್ ಒಳ್ಳೆಯೋನು ಅನ್ಸತ್ತೆ" ಎಂದ. "ಪಾಪ, ಬಾಯಾರಿಕೆ ಇರಬೇಕು."

ಇಡೀ ಗುಂಪಿನಲ್ಲಿ, ಇಡೀ ಇಸ್ತ್ರಿ ಹಾಲಿನಲ್ಲಿ, ಹಾಗೆ ಅಂದವರು ಒಬ್ಬರೂ ಇರಲಿಲ್ಲ. ಅದು ಅವನದೇ ಮಾತು. ಅವಳು ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, ಯಾಕೆ ಹಾಗನಿಸಿತು ಹೇಳು ಎಂದು ಕೇಳಿದಳು.